ಹಳೇ ಎಂಜಿಬಿ ಕಾರಿನ ರೇಸ್ ಇಳಿಯುತ್ತಿಲ್ಲ, ಏನು ಮಾಡಲಿ?

ಕಾರವಾರದಿಂದ ಪ್ರಶ್ನೆ:
ಮನೆಯಲ್ಲಿ ಮಾವನವರ ಕಾಲದ 1967ರ ಎಂಜಿಬಿ ಇದೆ. ಎಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಎರಡು, ಎಸ್‌ಯು ಕಂಪನಿಯವು. ಮಳೆಗಾಲ ಪೂರ್ತಿ ಶೆಡ್‌ನಲ್ಲೇ ನಿಂತಿತ್ತು. ಈಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ರೇಸ್ ಇಳಿಯುವುದಿಲ್ಲ. ಕಾರ್ಬ್ಯುರೇಟರ್ ಎರಡೂ ಬಿಚ್ಚಬೇಕು ಅಂತ ಮೆಕ್ಯಾನಿಕ್ ಹೇಳುತ್ತಾರೆ. ಬಿಚ್ಚಿಸಲೇ? ಅನುಭವ ಇದ್ದವರು ಹೇಳಿ.

ಅಂಕೋಲಾದಿಂದ:
ಸ್ವಲ್ಪ ತಡೆಯಿರಿ. ಸಿಕ್ಕಿಕೊಳ್ಳುವುದು ಯಾವ ತುದಿಯಲ್ಲಿ ಅಂತ ಮೊದಲು ಗೊತ್ತಾಗಲಿ. ಎಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ, ಆಕ್ಸಿಲರೇಟರ್ ಕೇಬಲ್‌ನ ಕಾರ್ಬ್ಯುರೇಟರ್ ಕಡೆಯ ತುದಿ ಕಳಚಿ. ಆ ಕೇಬಲ್ ಎಳೆಯುವ ಥ್ರಾಟಲ್ ಲಿವರ್ ಬೆರಳಿನಿಂದ ತಿರುಗಿಸಿ ಬಿಡಿ. ಟಕ್ ಅಂತ ವಾಪಸ್ ಹೋಗಿ ಕೂತರೆ ಕಾರ್ಬ್ಯುರೇಟರ್ ಬಿಚ್ಚುವ ಮಾತೇ ಬೇಡ. ತೊಂದರೆ ಕೇಬಲ್‌ನಲ್ಲಿ, ಇಲ್ಲವೇ ಪೆಡಲ್‌ನಲ್ಲಿ.

ನನ್ನ ಅನುಮಾನ ಕೇಬಲ್ ಮೇಲೆಯೇ. ನಮ್ಮ ಕಡೆ ಉಪ್ಪು ಗಾಳಿ, ಮೇಲಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಗಾಡಿ ನಿಂತಲ್ಲೇ ನಿಂತರೆ ಔಟರ್ (ಕೇಬಲ್‌ನ ಹೊರ ಕೊಳವೆ) ಒಳಗೆ ತುಕ್ಕು ಹಿಡಿಯುತ್ತದೆ, ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಇನ್ನರ್, ಅಂದರೆ ಒಳಗಿನ ತಂತಿ, ಪೂರ್ತಿ ಹೊರಗೆಳೆದು ಹಳೇ ಬಟ್ಟೆಯಲ್ಲಿ ಸವರಿ. ಕೆಂಪು ಪುಡಿ ಬಂದರೆ ತುಕ್ಕು. ಬಟ್ಟೆಯ ನೂಲು ಸಿಕ್ಕಿಕೊಂಡರೆ ತಂತಿಯ ಒಂದು ಎಳೆ ಹರಿದಿದೆ ಅಂತ ಲೆಕ್ಕ. ಆ ಒಂದು ಎಳೆ ಸಾಕು, ಔಟರ್ ಒಳಗೆ ಮೀನಿನ ಮುಳ್ಳಿನ ಹಾಗೆ ಚುಚ್ಚಿಕೊಂಡು ನಿಲ್ಲುತ್ತದೆ. ಎಳೆದಾಗ ಬರುತ್ತದೆ, ಬಿಟ್ಟಾಗ ಹೋಗುವುದಿಲ್ಲ.

ಹರಿದದ್ದಕ್ಕೆ ಎಣ್ಣೆ ಬಿಟ್ಟು ಸುಮ್ನೆ ದಿನ ತಳ್ಳಬೇಡಿ, ಬದಲಾಯಿಸಿ. ಹೊಸದರ ಒಳಗೆ ನೈಲಾನ್ ಪದರ ಇದ್ದರೆ ಎಣ್ಣೆಯೇ ಬೇಡ, ಧೂಳು ಕೂತು ಅಂಟಾಗುತ್ತದೆ. ಈ ಎಂಜಿನ್‌ನಲ್ಲಿ ಕಾರ್ಬ್ಯುರೇಟರ್, ಎಕ್ಸಾಸ್ಟ್ ಎರಡೂ ಒಂದೇ ಬದಿಗಿವೆ ಅಲ್ವಾ, ಕೇಬಲ್ ಬಿಸಿಗೆ ತಾಗದ ಹಾಗೆ ಹಾಯಿಸಿ.

ಶಿರಸಿಯಿಂದ:
ಲಿವರ್ ಬಿಗಿಯಾಗಿಯೇ ಇದ್ದರೆ ಎರಡೂ ಕಾರ್ಬ್ಯುರೇಟರ್ ಕೂಡಿಸುವ ರಾಡ್‌ನ ಕ್ಲಾಂಪ್ ಸಡಿಲಿಸಿ, ಒಂದೊಂದನ್ನೇ ತಿರುಗಿಸಿ ನೋಡಿ. ಯಾವುದು ಕಚ್ಚುತ್ತದೋ ಅದನ್ನಷ್ಟೇ ಇಳಿಸಿ. ಬಟರ್‌ಫ್ಲೈ, ಅಂದರೆ ಗಾಳಿಯ ದಾರಿ ತೆರೆದು ಮುಚ್ಚುವ ಒಳಗಿನ ತಟ್ಟೆ, ಚೂರು ಓರೆ ಕೂತರೂ ಒಳಗೋಡೆಗೆ ಕಚ್ಚುತ್ತದೆ. ಅದರ ಸ್ಕ್ರೂ ಸಡಿಲಿಸಿ, ಥ್ರಾಟಲ್ ಪೂರ್ತಿ ಮುಚ್ಚಿದರೆ ತಾನೇ ಸರಿ ಕೂರುತ್ತದೆ, ಆಮೇಲೆ ಬಿಗಿ ಮಾಡಿ. ಆ ಸ್ಕ್ರೂಗಳ ತುದಿ ಸೀಳಿ ಅಗಲಿಸಿರುತ್ತಾರೆ. ತೆಗೆದರೆ ಹೊಸದೇ ಹಾಕಿ, ಕಳಚಿ ಬಿದ್ದರೆ ಸೀದಾ ಎಂಜಿನ್ ಒಳಗೆ! ಎರಡೂ ಬಿಚ್ಚಲೇಬೇಕಾಗಿ ಬಂದರೆ ಒಂದು ಕಾರ್ಬ್ಯುರೇಟರ್‌ನ ಪಿಸ್ಟನ್ ಇನ್ನೊಂದಕ್ಕೆ ಹಾಕಬೇಡಿ, ಅವು ತಮ್ಮ ತಮ್ಮ ಮುಚ್ಚಳಕ್ಕೆ ಜೋಡಿ ಮಾಡಿದವು.

ಸ್ಪಿಂಡಲ್, ಅಂದರೆ ಬಟರ್‌ಫ್ಲೈ ಕೂತಿರುವ ಕಡ್ಡಿ, ಅಲ್ಲಾಡಿಸಿಯೂ ನೋಡಿ. ಸವೆದಿದ್ದರೆ ಅಲ್ಲಿಂದ ಗಾಳಿ ಎಳೆಯುತ್ತದೆ. ಆಗ ಪೆಡಲ್ ಸರಿಯಾಗಿ ಮೇಲೆ ಬಂದರೂ ರೇಸ್ ಜಾಸ್ತಿಯೇ ಇರುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿ ಕೈ ತೊಳೆದುಕೊಳ್ಳುವವರಿದ್ದಾರೆ, ಅದರಿಂದ ಸ್ಪಿಂಡಲ್ ಇನ್ನೂ ಬೇಗ ಸವೆಯುತ್ತದೆ.

ಕುಮಟಾದಿಂದ:
ಇದೆಲ್ಲ ಆಮೇಲೆ ಮಾರಾಯ್ರೆ, ಮೊದಲು ಕಾಲಡಿಯ ಮ್ಯಾಟ್ ಎತ್ತಿ ನೋಡಿ! ನಮ್ಮ ಹಳೇ ಕಾರಿನಲ್ಲಿ ಕಾರ್ಪೆಟ್ ಒದ್ದೆಯಾಗಿ, ಮುದುಡಿ, ಪೆಡಲ್‌ಗೆ ಅಡ್ಡ ಬರುತ್ತಿತ್ತು.

ಯಲ್ಲಾಪುರದಿಂದ:
ಸರಿಯಾಗುವ ತನಕ ಅರಬೈಲ್ ಘಾಟಿ, ದೇವಿಮನೆ ಘಾಟಿ ಕಡೆ ತರಲೇಬೇಡಿ. ಓಡಿಸುವಾಗ ಸಿಕ್ಕಿಕೊಂಡರೆ ಕ್ಲಚ್ ತುಳಿಯಿರಿ, ಬ್ರೇಕ್ ಹಿಡಿಯಿರಿ, ಎಂಜಿನ್ ಚೀರಿದರೆ ಚೀರಲಿ. ಆಮೇಲೆ ಕೀ ತಿರುಗಿಸಿ ಎಂಜಿನ್ ಆಫ್ ಮಾಡಿ, ಆದರೆ ಗಾಡಿ ನಿಲ್ಲುವ ತನಕ ಕೀ ಹೊರಗೆ ತೆಗೆಯಬೇಡಿ. ಸ್ಟೇರಿಂಗ್ ಲಾಕ್ ಇರುವ ಗಾಡಿಯಾದರೆ ಅಲ್ಲೇ ಲಾಕ್ ಆಗಿಬಿಡುತ್ತದೆ.