ರೀಫ್ ಟ್ಯಾಂಕಿಗೆ ಟ್ರಿಗರ್ ಮೀನು ಬಿಡಬಹುದಾ? ಕಲಬುರಗಿ ಬಿಸಿಲಿನಲ್ಲಿ ಸಾಕಿದವರು ಹೇಳಿ

ಪ್ರಶ್ನೆ, ಕಲಬುರಗಿಯಿಂದ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಉಪ್ಪುನೀರಿನ ರೀಫ್ ಟ್ಯಾಂಕ್ (ಹವಳ ಸಾಕುವ ಟ್ಯಾಂಕ್) ಇದೆ. ಒಂದು ಜೋಡಿ ಕ್ಲೌನ್ ಮೀನು, ಎರಡು ಕ್ಲೀನರ್ ಸೀಗಡಿ, ಒಂದಷ್ಟು ಹರ್ಮಿಟ್ ಏಡಿ, ಮಶ್ರೂಮ್, ಝೋವಾ ಅನ್ನುವ ಮೆತ್ತನೆಯ ಹವಳ ಜಾತಿಗಳು ಇವೆ. ಟ್ರಿಗರ್ ಮೀನು ಸಾಕಬೇಕು ಅನ್ನುವ ಆಸೆ ಬಹಳ ದಿನದ್ದು. ಹೈದರಾಬಾದಿನ ಅಂಗಡಿಯೊಂದರಲ್ಲಿ ಎರಡು ಇಂಚಿನ ಕ್ಲೌನ್ ಟ್ರಿಗರ್ ತೋರಿಸಿ, "ಸಣ್ಣದರಿಂದ ಸಾಕಿದರೆ ಎಲ್ಲದರ ಜೊತೆ ಹೊಂದಿಕೊಳ್ಳುತ್ತದೆ" ಅಂದರು. ನಿಜವಾ? ನಮ್ಮ ಬೇಸಿಗೆಯಲ್ಲಿ ಅದು ತಡೆಯುತ್ತದಾ? ಬೀದರ್, ಯಾದಗಿರಿ ಕಡೆಯವರೂ ನಿಮ್ಮ ಅನುಭವ ಹೇಳಿ.

ಬೀದರ್‌ನಿಂದ

ಅಣ್ಣಾ, ಕ್ಲೌನ್ ಟ್ರಿಗರ್ ಬೇಡ. ಎರಡು ಇಂಚಿನ ಮರಿ ನೋಡಲು ಬಹಳ ಚೆಂದ, ಅದು ಒಪ್ಪುವ ಮಾತೇ. ಆದರೆ ಅದು 50 ಸೆಂ.ಮೀ. ತನಕ ಬೆಳೆಯುವ ಜಾತಿ. ಅದರ ಊಟವೇ ಏಡಿ, ಸೀಗಡಿ, ಚಿಪ್ಪು, ಸೀ ಅರ್ಚಿನ್ (ಮೈತುಂಬ ಮುಳ್ಳಿರುವ ಸಮುದ್ರಜೀವಿ). ಚಿಪ್ಪು ಒಡೆಯಲಿಕ್ಕೆಂದೇ ಇರುವ ಹಲ್ಲು ಅದು. ಸಣ್ಣದರಿಂದ ಸಾಕಿದರೂ ಆ ಗುಣ ಹೋಗುವುದಿಲ್ಲ. ನಿಮ್ಮ ಸೀಗಡಿ ಮೊದಲು ಹೋಗುತ್ತವೆ, ಆಮೇಲೆ ಏಡಿ. ದೊಡ್ಡದಾದ ಮೇಲೆ ಕ್ಲೌನ್ ಮೀನಿಗೂ ಕಾಟ ತಪ್ಪಿದ್ದಲ್ಲ. ಹೀಟರಿನ ವೈರ್ ಕಚ್ಚುವುದು, ಕಲ್ಲು ಎಳೆದು ಬೀಳಿಸುವುದು, ಎಲ್ಲ ಮಾಡುತ್ತದೆ. ಕಿತ್ತಳೆ ಗೆರೆಯ ಅಂಡ್ಯುಲೇಟೆಡ್ ಟ್ರಿಗರ್ ಅಂತೂ ಇನ್ನೂ ಜಗಳಗಂಟ.

ಹಾಗಂತ ಆಸೆ ಬಿಡಬೇಡಿ. ಟ್ರಿಗರ್‌ನಲ್ಲಿ ಸುಮಾರು 40 ಜಾತಿ ಇವೆ, ಎಲ್ಲದರ ಸ್ವಭಾವ ಒಂದೇ ಅಲ್ಲ. ನಿಮ್ಮ ಟ್ಯಾಂಕಿಗೆ ನಾನು ಹೇಳುವುದು ಬ್ಲೂ ಥ್ರೋಟ್ ಟ್ರಿಗರ್ ಒಂದನ್ನೇ. ಅದು ನೀರಿನ ನಡುವೆ ಈಜಾಡುತ್ತಾ, ತೇಲಿಬರುವ ಪ್ಲಾಂಕ್ಟನ್ (ಸಣ್ಣ ಸಣ್ಣ ಜೀವಿ) ತಿನ್ನುವ ಮೀನು. ಹವಳದ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಗಂಡಿಗೆ ಗಂಟಲ ಕೆಳಗೆ ನೀಲಿ, ಈಜುರೆಕ್ಕೆಯ ಅಂಚಿಗೆ ಹಳದಿ. ಹೆಣ್ಣಿಗೆ ಆ ನೀಲಿ ಇಲ್ಲ. ಗಂಡು, ಹೆಣ್ಣು ಜೋಡಿಯಾಗಿ ಇರುತ್ತವೆ, ಎರಡು ಗಂಡು ಮಾತ್ರ ಬೇಡ. ನಿಮ್ಮ ಟ್ಯಾಂಕಿನ ಅಳತೆಗೆ 566 ಲೀಟರ್ ಬರುತ್ತದೆ. ಕಲ್ಲು, ಮರಳು ಕಳೆದರೂ ಈ ಮೀನಿಗೆ ಸಾಕು. ಕ್ರಾಸ್‌ಹ್ಯಾಚ್ ಕೂಡ ಇದೇ ಗುಂಪಿನದು, ಆದರೆ ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ.

ನೈಜರ್ ಟ್ರಿಗರ್ ಅಗ್ಗಕ್ಕೆ ಸಿಗುತ್ತದೆ. ಮಲ್ಪೆ, ಮಂಗಳೂರು ಕಡೆ ಕಾರ್ಗಿಲ್ ಮೀನು ಅಂತ ಬಲೆಗೆ ರಾಶಿ ರಾಶಿ ಬೀಳುವುದು ಇದೇ. ಸ್ವಭಾವ ಪರವಾಗಿಲ್ಲ, ಆದರೆ ಬೇಗ ದೊಡ್ಡದಾಗುತ್ತದೆ. 5 ಅಡಿ ಅದಕ್ಕೆ ಇಕ್ಕಟ್ಟು.

ಕಲಬುರಗಿಯಿಂದ, ಇನ್ನೊಬ್ಬರು

ಯಾವ ಮೀನು ಅನ್ನುವುದು ಆಮೇಲೆ. ನಮ್ಮೂರಿನಲ್ಲಿ ಮೊದಲು ಏಪ್ರಿಲ್, ಮೇ ದಾಟುವ ಲೆಕ್ಕ ಹಾಕಿ. ಹೊರಗೆ 42, 43 ಡಿಗ್ರಿ ಇರುವಾಗ ನೀರು 25–27ರಲ್ಲಿ ನಿಲ್ಲಬೇಕು. ಸಮುದ್ರದ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿ.ಗ್ರಾಂ ಆಮ್ಲಜನಕ ಹಿಡಿಯುತ್ತದೆ. 30ಕ್ಕೆ ಹೋದರೆ 6.2ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿಗೆ, ಬ್ಯಾಕ್ಟೀರಿಯಾಗೆ ಉಸಿರು ಜಾಸ್ತಿ ಬೇಕಾಗುತ್ತದೆ. ಟ್ರಿಗರ್ ದಪ್ಪ ಮೀನು, ಚೆನ್ನಾಗಿ ತಿನ್ನುತ್ತದೆ, ಚೆನ್ನಾಗಿ ಗಲೀಜೂ ಮಾಡುತ್ತದೆ. ಕರೆಂಟ್ ಹೋಗಿ ಪಂಪ್ ನಿಂತರೆ ಮೊದಲು ಒದ್ದಾಡುವುದು ಅದೇ.

ನಮ್ಮ ಬಿಸಿಲು ಒಣ ಬಿಸಿಲು, ಅದೊಂದು ಅನುಕೂಲ. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಆವಿಯಾಗುತ್ತಲೇ ನೀರು ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. ಕಿಟಕಿ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ತೇವ ತುಂಬಿಕೊಂಡರೆ ಫ್ಯಾನ್ ಸುಮ್ನೆ ತಿರುಗುತ್ತದೆ, ಅಷ್ಟೇ. ಮೇ ತಿಂಗಳ ಕಡು ಬಿಸಿಲಿಗೆ ಫ್ಯಾನ್ ಒಂದೇ ಸಾಲದು. ನೀರು ತಣ್ಣಗೆ ಮಾಡುವ ಚಿಲ್ಲರ್ ಯಂತ್ರ ಬೇಕು, ಇಲ್ಲವಾದರೆ ಟ್ಯಾಂಕ್ ಇರುವ ಕೋಣೆಗೆ ಎಸಿ. ಚಿಲ್ಲರ್ ಬಿಸಿಗಾಳಿ ಉಗುಳುತ್ತದೆ, ಅದನ್ನು ಸ್ಟ್ಯಾಂಡಿನ ಒಳಗೆ ಮುಚ್ಚಿಡಬೇಡಿ.

ಫ್ಯಾನ್ ಹಾಕಿದ ಮೇಲೆ ದಿನಾ ಇಳಿದ ನೀರನ್ನು ತುಂಬಬೇಕು. ಉಪ್ಪುನೀರು ಅಲ್ಲ, ಬರೀ ಆರ್‌ಒ ನೀರು. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಒಂದೆರಡು ದಿನ ಮರೆತರೆ ಉಪ್ಪಿನ ಅಳತೆ (ಸಾಪೇಕ್ಷ ಸಾಂದ್ರತೆ) 1.025 ಇದ್ದದ್ದು ಏರುತ್ತಾ ಹೋಗುತ್ತದೆ. ಇಲ್ಲಿನ ಬೋರ್ ನೀರನ್ನು ನೇರವಾಗಿ ಹಾಕುವ ಮಾತೇ ಬೇಡ. ಅಡುಗೆಮನೆಯ ಆರ್‌ಒ ಯಂತ್ರದ ನೀರೂ ಬೇಡ. ಬಹಳ ಯಂತ್ರಗಳಲ್ಲಿ ರುಚಿಗಾಗಿ ಸ್ವಲ್ಪ ಹಸಿ ನೀರನ್ನು ಬೆರೆಸುತ್ತಾರೆ, ಇಲ್ಲವೇ ಖನಿಜ ಸೇರಿಸುತ್ತಾರೆ. ಆರ್‌ಒ ಆದ ಮೇಲೆ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ದಾಟಿ ಟಿಡಿಎಸ್ (ಕರಗಿದ ಲವಣದ ಅಳತೆ) 0 ಬರಬೇಕು.

ಇನ್ವರ್ಟರಿಗೆ ನೀರು ಅಲುಗಿಸುವ ವೇವ್‌ಮೇಕರ್, ಏರ್ ಪಂಪ್ ಜೋಡಿಸಿ. ಚಿಲ್ಲರ್ ಜೋಡಿಸಿದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ನೀರು ಅಲುಗುತ್ತಿದ್ದರೆ ಮೀನು ಬದುಕುತ್ತದೆ.

ಪ್ರಶ್ನೆ ಕೇಳಿದವರು

ಬಹಳ ಉಪಕಾರ ಆಯಿತು. ಬ್ಲೂ ಥ್ರೋಟ್ ಅಂತ ಮನಸ್ಸು ಮಾಡಿದೆ. ಸೀಗಡಿ ಉಳಿಯುತ್ತವಾ? ಕಲ್ಲು ಸ್ವಲ್ಪ ಕಡಿಮೆ ಇದೆ, ಶಹಾಬಾದ್ ಕಲ್ಲು ಹಾಕಬಹುದಾ? ಒಬ್ಬರು ಸಮುದ್ರದ ಹವಳ ತಂದುಕೊಡುತ್ತೇನೆ ಅಂದಿದ್ದಾರೆ.

ಯಾದಗಿರಿಯಿಂದ

ಅಣ್ಣಾ, ಕೊನೆಯದಕ್ಕೆ ಮೊದಲು ಹೇಳುತ್ತೇನೆ. ಆ ಹವಳ ಖಂಡಿತ ಬೇಡ. ದಿಬ್ಬ ಕಟ್ಟುವ ಕಲ್ಲು ಹವಳ, ಕಪ್ಪು ಹವಳ, ಸೀ ಫ್ಯಾನ್ (ಬೀಸಣಿಗೆಯಂಥ ಹವಳ) ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಪಟ್ಟಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಕೇಸಿನ ಮಾತು ಬಿಡಿ, ಒಂದು ಗಿಣ್ಣು ಹವಳ ಬೆಳೆಯಲು ಎಷ್ಟು ವರ್ಷ ಬೇಕು! ನಮ್ಮ ಆಸೆಗೆ ಅದನ್ನು ಕೀಳಿಸುವುದು ಸರಿಯಲ್ಲ.

ಶಹಾಬಾದ್ ಕಲ್ಲು ಗಟ್ಟಿ, ಒಳಗೆ ರಂಧ್ರ ಇಲ್ಲ. ಬ್ಯಾಕ್ಟೀರಿಯಾ ಮನೆ ಮಾಡಲು ರಂಧ್ರ ಇರುವ ಒಣ ರೀಫ್ ಕಲ್ಲೇ ಬೇಕು. ಟ್ರಿಗರ್‌ಗೂ ರಾತ್ರಿ ನುಗ್ಗಿ ಮಲಗಲು ಬಿಲ ಬೇಕು. ಅದು ಬಿಲದೊಳಗೆ ಹೋಗಿ ಬೆನ್ನಿನ ಮೊದಲ ಮುಳ್ಳನ್ನು ಎತ್ತುತ್ತದೆ, ಎರಡನೇ ಮುಳ್ಳು ಅದಕ್ಕೆ ಚಿಲಕ ಹಾಕುತ್ತದೆ. ಆಗ ಯಾರು ಎಳೆದರೂ ಬರುವುದಿಲ್ಲ. ಅದಕ್ಕೇ ಬಲೆಯಲ್ಲಿ ಹಿಡಿಯಬೇಡಿ, ಮುಳ್ಳು ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿಯಿರಿ.

ಸೀಗಡಿ ಉಳಿಯುತ್ತವೆ ಅಂತ ಮಾತು ಕೊಡಲಾರೆ. ಮೊದಲಿಂದ ಇದ್ದ ದೊಡ್ಡ ಕ್ಲೀನರ್ ಸೀಗಡಿ ಉಳಿದದ್ದನ್ನು ಕಂಡಿದ್ದೇನೆ. ಹೊಸದಾಗಿ ಬಿಟ್ಟದ್ದನ್ನು ಮೀನು ಊಟ ಅಂದುಕೊಳ್ಳುತ್ತದೆ. ಹೊಟ್ಟೆ ತುಂಬಿದ ಟ್ರಿಗರ್ ಕಡಿಮೆ ಹುಡುಕಾಡುತ್ತದೆ. ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿ. ಮೈಸಿಸ್ (ಸೀಗಡಿಯಂಥ ಸಣ್ಣ ಜೀವಿ), ಸ್ಕ್ವಿಡ್, ಪೆಲೆಟ್ ಬದಲಾಯಿಸುತ್ತಿರಿ. ಮಾರ್ಕೆಟ್ಟಿನ ಝಿಂಗಾ (ತಿನ್ನುವ ಸೀಗಡಿ) ಸಿಪ್ಪೆ ಸಮೇತ ವಾರಕ್ಕೆ ಒಂದೆರಡು ಸಲ ಕೊಡಿ. ಇದರ ಹಲ್ಲು ಬೆಳೆಯುತ್ತಲೇ ಇರುತ್ತದೆ, ಗಟ್ಟಿಯಾದದ್ದು ಕಚ್ಚಿದರೆ ಸವೆಯುತ್ತದೆ. ಝಿಂಗಾ ಒಂದನ್ನೇ ದಿನಾ ಹಾಕಬೇಡಿ, ಬಿ1 ವಿಟಮಿನ್ ಕೊರತೆ ಬರಬಹುದು.

ಮೇಲೆ ಜಾಳಿಗೆ ಮುಚ್ಚಳ ಹಾಕಿ, ಬ್ಲೂ ಥ್ರೋಟ್ ಹಾರುತ್ತದೆ. ಗಾಜು ಮುಚ್ಚಿದರೆ ಫ್ಯಾನಿನ ಉಪಯೋಗ ಹೋಗುತ್ತದೆ.

ಹೈದರಾಬಾದಿನಿಂದ ತರುವಾಗ ಎರಡು ಕವರ್ ಹಾಕಿಸಿ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಡಿಸಿ, ಮುಳ್ಳು ಒಂದು ಕವರನ್ನು ತೂತು ಮಾಡುತ್ತದೆ. ಮನೆಗೆ ಬಂದ ಮೇಲೆ ಕವರ್ ಬಿಚ್ಚಿ ಗಂಟೆಗಟ್ಟಲೆ ಹನಿ ಹನಿ ನೀರು ಬಿಡುತ್ತಾ ಕೂರಬೇಡಿ. ಬಿಚ್ಚಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಪಿಎಚ್ ಏರುತ್ತದೆ, ಕವರಿನೊಳಗಿನ ಅಮೋನಿಯಾ ಆಗ ವಿಷವಾಗುತ್ತದೆ. ಕವರ್ ಮುಚ್ಚಿದ್ದಾಗಲೇ ತೇಲಿಬಿಟ್ಟು ಬಿಸಿ ಸಮ ಮಾಡಿ. ಅಂಗಡಿಯ ನೀರಿನ ಉಪ್ಪಿನ ಅಳತೆ ಮೊದಲೇ ಕೇಳಿಕೊಂಡು ಕ್ವಾರಂಟೈನ್ ಟ್ಯಾಂಕಿನಲ್ಲಿ (ಹೊಸ ಮೀನನ್ನು ಮೊದಲು ಬೇರೆ ಇಡುವ ಟ್ಯಾಂಕ್) ಅಷ್ಟೇ ಇಡಿ. ಆಗ ಬೇಗ ಬಿಡಬಹುದು. ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಹಾಕುವುದಿದ್ದರೆ ಅದೇ ಟ್ಯಾಂಕಿನಲ್ಲಿ ಹಾಕಿ. ರೀಫ್ ಟ್ಯಾಂಕಿಗೆ ತಾಮ್ರ ಬಿದ್ದರೆ ಸೀಗಡಿ, ಏಡಿ, ಝೋವಾ ಒಂದೂ ಉಳಿಯುವುದಿಲ್ಲ.