ಅಪ್‌ಡೇಟ್: ವಿಎಚ್‌ಎಸ್ ಕ್ಯಾಸೆಟ್‌ಗಳ ಬಾಗುವ ಚಿತ್ರ, ಬೂಸ್ಟು

ಗ್ರಂಥಾಲಯದ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಚಿತ್ರದ ಮೇಲಂಚು ಬಾಗುತ್ತದೆ, ಫ್ರೇಮ್ ಬಿಟ್ಟುಹೋಗಿ ದನಿ ಹೊಂದುವುದಿಲ್ಲ ಎಂದು ಕೇಳಿದ್ದೆ. ಅವು ಎರಡು ಬೇರೆ ತೊಂದರೆಗಳು. ಮೇಲಂಚು ಬಾಗುವುದನ್ನು ಎಸ್-ವಿಎಚ್‌ಎಸ್ (ವಿಎಚ್‌ಎಸ್‌ನ ಸುಧಾರಿತ ರೂಪ) ವಿಸಿಆರ್‌ನ, ಅಂದರೆ ಕ್ಯಾಸೆಟ್ ಪ್ಲೇಯರಿನ, ಒಳಗಿನ ಲೈನ್ ಟಿಬಿಸಿ (ಚಿತ್ರದ ಪ್ರತಿ ಗೆರೆಯ ಸಮಯ ಸರಿಪಡಿಸುವ ಸರ್ಕ್ಯೂಟ್) ಸರಿಮಾಡಿತು. ಫ್ರೇಮ್ ಬಿಡುವುದು ನಿಲ್ಲಲು ವಿಸಿಆರ್‌ಗೂ ಕ್ಯಾಪ್ಚರ್ ಕಾರ್ಡಿಗೂ ನಡುವೆ ಇಡೀ ಫ್ರೇಮಿನ ಸಮಯ ಸರಿಪಡಿಸುವ ಪೂರ್ಣ ಫ್ರೇಮಿನ ಟಿಬಿಸಿಯೇ ಬೇಕಾಯಿತು. ಕೇಬಲ್ ಎಸ್-ವಿಡಿಯೋ, ಹಳದಿ ಪಿನ್ನಿನ ಕಾಂಪೋಸಿಟ್‌ನಲ್ಲಿ ಬಣ್ಣ ಅಂಚಿನಲ್ಲಿ ಹರಿದಾಡುತ್ತದೆ.

ಸೆಟ್ಟಿಂಗ್: ಪಾಲ್ (ಭಾರತದ ಹಳೆಯ ಟಿವಿ ಮಾದರಿ), 720×576, ಸೆಕೆಂಡಿಗೆ 25 ಫ್ರೇಮ್, 10 ಬಿಟ್, ದನಿ 48 ಕಿಲೋಹರ್ಟ್ಸ್ ಪಿಸಿಎಂ (ಕುಗ್ಗಿಸದ ಡಿಜಿಟಲ್ ದನಿ). ಮೂಲ ಪ್ರತಿಯಲ್ಲಿ ಡಿಇಂಟರ್‌ಲೇಸ್ (ಸಾಲು ಬಿಟ್ಟು ಸಾಲಾಗಿ ದಾಖಲಾದ ಚಿತ್ರವನ್ನು ಪೂರ್ಣ ಫ್ರೇಮುಗಳಾಗಿ ಬೆಸೆಯುವುದು) ಮಾಡಬೇಡಿ, ಅದನ್ನು ಹಿಂದಕ್ಕೆ ತರಲಾಗದು. ನೋಡುವ ಎಂಪಿ4 ಪ್ರತಿಗೆ ಮಾತ್ರ ಮಾಡಿ. ಗಂಟೆಗೆ 90 ಜಿಬಿ ಮೀರುವ ಕಚ್ಚಾ ವಿಡಿಯೋ ಎಫ್‌ಎಫ್‌ವಿ1 ಎಂಬ ಕೋಡೆಕ್‌ನಲ್ಲಿ (ವಿಡಿಯೋ ಕುಗ್ಗಿಸುವ ವಿಧಾನ) ಸರಿಸುಮಾರು ಅರ್ಧಕ್ಕಿಳಿಯುತ್ತದೆ, ಒಂದು ಬಿಟ್ಟೂ ಕಳೆಯದೆ.

ಇನ್ನು ಬೂಸ್ಟು ಹಿಡಿದ ಕ್ಯಾಸೆಟ್‌ಗಳು: ಅವನ್ನು ಓವನ್ನಿನಲ್ಲಿ ಬಿಸಿ ಮಾಡಿ ಎಂದ ಸಲಹೆ ಕೈಬಿಟ್ಟೆ. ಅದು ತೇವ ಹೀರಿ ಅಂಟಾದ ಬೈಂಡರಿನ (ಟೇಪಿಗೆ ಕಾಂತೀಯ ಪುಡಿಯನ್ನು ಹಿಡಿಸುವ ಅಂಟು) ಮದ್ದು, ಹೆಚ್ಚಾಗಿ ಯೂ-ಮ್ಯಾಟಿಕ್ ಎಂಬ ಹಳೆಯ ವಿಡಿಯೋ ಟೇಪುಗಳಿಗೆ, ಬೂಸ್ಟಿಗಲ್ಲ. ಬೂಸ್ಟು ಹಿಡಿದವನ್ನು ಬೇರೆ ಕೋಣೆಯಲ್ಲಿ ಒಣಗಿಸಿ, ಮಾಸ್ಕ್ ಹಾಕಿ, ಹೆಪಾ ಫಿಲ್ಟರಿನ (ಸೂಕ್ಷ್ಮ ಕಣ ಹಿಡಿಯುವ ಸೋಸುಕ) ವ್ಯಾಕ್ಯೂಮ್‌ನಿಂದ ಶುಚಿ ಮಾಡುವವರೆಗೆ ವಿಸಿಆರ್‌ಗೆ ಹಾಕುವಂತಿಲ್ಲ: ಟೇಪು ಓದುವ ಹೆಡ್ಡಿಗೆ ಮೆತ್ತಿದ ಬೂಸ್ಟು ಮುಂದಿನ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತದೆ.