ನೇರ ಮಾರಾಟಕ್ಕೆ ಇನ್ನಷ್ಟು ಬಿಗಿ ನಿಯಮ ಬಂದರೆ ಮನೆಯಿಂದ ಮಾರುವವರು ಏನು ಮಾಡಬೇಕು? ಅನುಭವವಿದ್ದವರು ತಿಳಿಸಿ

ಬಸವೇಶ್ವರನಗರದಿಂದ ಪ್ರಶ್ನೆ

ನಾನು ಗೃಹಿಣಿ. ಅಂಗಡಿಯಿಲ್ಲದೆ ನಮ್ಮಂಥವರ ಮೂಲಕವೇ ಸರಕು ಮಾರಿಸುವ, ಅಂದರೆ ನೇರ ಮಾರಾಟದ ಕಂಪನಿಯೊಂದರ ಅಡುಗೆಮನೆ ಡಬ್ಬಿ, ಸೋಪು ಮತ್ತು ಪೌಷ್ಟಿಕ ಪುಡಿಗಳನ್ನು ಮನೆಯಿಂದಲೇ ಮಾರುತ್ತೇನೆ. ಬರುವ ಕಮಿಷನ್ ಮಕ್ಕಳ ಟ್ಯೂಷನ್ ಶುಲ್ಕಕ್ಕೆ ಸರಿಹೋಗುತ್ತದೆ, ಅಷ್ಟೆ. ಸರ್ಕಾರ ಹೊಸ ನಿಯಮ ತರಲಿದೆ, ಪ್ರತಿಯೊಬ್ಬರೂ ನೋಂದಣಿ ಮಾಡಿಸಿ ಜಿಎಸ್‌ಟಿ ಕಟ್ಟಬೇಕಾಗುತ್ತದೆ, ಮನೆಮನೆಗೆ ಹೋಗುವುದೇ ಅಪರಾಧವಾಗುತ್ತದೆ ಎಂದು ನಮ್ಮ ಅಪ್‌ಲೈನ್ ಮೇಡಂ (ನನ್ನನ್ನು ಕಂಪನಿಗೆ ಸೇರಿಸಿದವರು) ಕಳೆದ ಸಭೆಯಲ್ಲಿ ಹೇಳಿದರು. ಅದಕ್ಕೂ ಮುಂಚೆ ಹೆಚ್ಚು ಸ್ಟಾಕ್ ತೆಗೆದಿಟ್ಟುಕೊಳ್ಳಬೇಕಂತೆ, ಅವರೇ ಅಚ್ಚು ಹಾಕಿಸಿ ತಂದ ವಿರೋಧಪತ್ರಕ್ಕೆ ಸಹಿಯನ್ನೂ ಹಾಕಬೇಕಂತೆ. ಇದರಲ್ಲಿ ನಿಜವೆಷ್ಟು, ನಾನು ಮಾರಾಟ ನಿಲ್ಲಿಸಬೇಕೇ?

ಜಯನಗರದಿಂದ

ಅಕ್ಕಾ, ಮುಂದೆ ಬರಲಿದೆ ಎಂದು ಅವರು ಹೆದರಿಸುತ್ತಿರುವುದರಲ್ಲಿ ಒಂದು ಭಾಗ ಈಗಾಗಲೇ ಜಾರಿಯಲ್ಲಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಕೇಂದ್ರ ಸರ್ಕಾರ ನೇರ ಮಾರಾಟದ ನಿಯಮಗಳನ್ನು 2021ರ ಡಿಸೆಂಬರ್ 28ರಂದು ಪ್ರಕಟಿಸಿತು. ಆಗಲೇ ವ್ಯವಹಾರದಲ್ಲಿದ್ದ ಕಂಪನಿಗಳಿಗೆ ಹೊಂದಿಕೊಳ್ಳಲು 90 ದಿನಗಳ ಕಾಲಾವಕಾಶ ಕೊಟ್ಟಿತ್ತು. ಗ್ರಾಹಕರ ಮನೆಗೆ ಹೋಗುವುದನ್ನು ಆ ನಿಯಮ ನಿಷೇಧಿಸಿಲ್ಲ. ಮೊದಲೇ ಸಮಯ ಕೇಳದೆ, ಗುರುತಿನ ಚೀಟಿ ಇಲ್ಲದೆ ಹೋಗಬಾರದು ಎಂದಷ್ಟೇ ಹೇಳುತ್ತದೆ.

ನನ್ನ ಅನುಭವ ಹೇಳುವುದಾದರೆ, ಈ ಚೀಟಿಯಿಂದ ನನಗೆ ಅನುಕೂಲವೇ ಆಯಿತು. ಮುಂಚೆ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವರು ಕೈಯಲ್ಲಿನ ಚೀಲ ನೋಡಿದ ಕೂಡಲೇ 'ಸೇಲ್ಸ್‌ನವರಿಗೆ ಪ್ರವೇಶವಿಲ್ಲ' ಎಂಬ ಬೋರ್ಡಿನತ್ತ ಬೆರಳು ತೋರಿಸುತ್ತಿದ್ದರು. ಈಗ ಗ್ರಾಹಕರಿಗೆ ಹಿಂದಿನ ದಿನವೇ ವಾಟ್ಸಾಪ್ ಮಾಡಿ, ಅವರು ಒಪ್ಪಿದ ಸಂದೇಶವನ್ನೂ ಕಂಪನಿಯ ಚೀಟಿಯನ್ನೂ ತೋರಿಸಿದರೆ ರಿಜಿಸ್ಟರಿನಲ್ಲಿ ಹೆಸರು ಬರೆಸಿಕೊಂಡು ಒಳಗೆ ಬಿಡುತ್ತಾರೆ. ವ್ಯಾಪಾರ ಕಡಿಮೆಯಾಗಲಿಲ್ಲ, ಕರೆಯದೆ ಹೋಗಿ ಬಾಗಿಲಲ್ಲೇ ಮಾತು ಮುಗಿಸಿ ಬರುವ ಸುತ್ತಾಟ ತಪ್ಪಿತು.

ನೀವು ಮೊದಲು ನೋಡಬೇಕಾದದ್ದು ಕಂಪನಿಯೊಡನೆ ನಿಮ್ಮ ಲಿಖಿತ ಒಪ್ಪಂದ. ಅದಿಲ್ಲದೆ ಮಾರುವಂತೆಯೇ ಇಲ್ಲ. ಸೇರಲು ಶುಲ್ಕ ವಸೂಲಿ ಮಾಡುವುದಕ್ಕೂ, ಮಾದರಿ ತೋರಿಸುವ ಸಾಮಗ್ರಿಯನ್ನು ದುಡ್ಡು ಕೊಟ್ಟು ಕೊಳ್ಳಲೇಬೇಕೆಂದು ಕಟ್ಟುಪಾಡು ಮಾಡುವುದಕ್ಕೂ ನಿಯಮದಲ್ಲಿ ಜಾಗವಿಲ್ಲ. ಕಂಪನಿ ಅನುಮೋದಿಸದ ಕರಪತ್ರ ಹಂಚಬಾರದು, ಅದು ಹೇಳದ ಗುಣವನ್ನು ನೀವು ಹೇಳಬಾರದು. ಪೌಷ್ಟಿಕ ಪುಡಿ ಮಾರುವವರು ಇಲ್ಲಿ ಬಹಳ ಎಚ್ಚರದಿಂದಿರಬೇಕು, ಏಕೆಂದರೆ ಸಕ್ಕರೆ ಕಾಯಿಲೆ ವಾಸಿಯಾಯಿತು ಎಂಬಂಥ ವಿಡಿಯೋಗಳು ನಮ್ಮ ಗುಂಪುಗಳಲ್ಲಿ ದಿನವೂ ಬರುತ್ತವೆ, ಅವನ್ನು ಗ್ರಾಹಕರಿಗೆ ಕಳುಹಿಸಿದವರೇ ಉತ್ತರ ಕೊಡಬೇಕಾಗುತ್ತದೆ.

ಮಲ್ಲೇಶ್ವರದಿಂದ, ತೆರಿಗೆ ಸಲಹೆಗಾರ

ಜಿಎಸ್‌ಟಿ ವಿಷಯದಲ್ಲಿ ಗೊಂದಲ ಬೇಡ. ಕಮಿಷನ್ ಎಂಬುದು ಸೇವೆಗೆ ಬರುವ ಹಣ. ಸೇವೆಗೆ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ. ಕರ್ನಾಟಕದಲ್ಲಿ 40 ಲಕ್ಷದ ಮಿತಿ ಸರಕನ್ನು ಮಾತ್ರ ಮಾರುವವರಿಗೆ ಅನ್ವಯಿಸುತ್ತದೆ, ಹಾಗಾಗಿ ಸರಕನ್ನು ಕೊಂಡು ಮಾರಿ, ಜೊತೆಗೆ ಕಮಿಷನ್ನನ್ನೂ ಪಡೆಯುವವರು ಎರಡನ್ನೂ ಕೂಡಿಸಿ 20 ಲಕ್ಷವನ್ನೇ ಗಮನದಲ್ಲಿಟ್ಟುಕೊಳ್ಳುವುದು ಕ್ಷೇಮ. ಟ್ಯೂಷನ್ ಶುಲ್ಕದಷ್ಟು ಆದಾಯವಿರುವ ತಾವು ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ವರ್ಷದ ಕಮಿಷನ್ 20,000 ರೂಪಾಯಿ ದಾಟಿದರೆ ಕಂಪನಿ ಶೇ 2ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿಯುತ್ತದೆ. ಪ್ಯಾನ್ ಕೊಡದಿದ್ದರೆ ಶೇ 20. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸು ಪಡೆಯಬಹುದು.

2025ರ ಜುಲೈನಲ್ಲಿ ಯುಪಿಐ ಜಮೆಯ ಲೆಕ್ಕ ಹಿಡಿದು ಬೆಂಗಳೂರಿನ ಸಣ್ಣ ಅಂಗಡಿಗಳಿಗೆ ನೋಟಿಸ್ ಬಂದದ್ದು ಎಲ್ಲರಿಗೂ ನೆನಪಿರಬಹುದು. ಅದಾದ ಮೇಲೆ ನಗದನ್ನೇ ಕೇಳುವವರು ಹೆಚ್ಚಾದರು. ನನ್ನ ಸಲಹೆ ಅದಲ್ಲ. ಚೀಟಿ ಹಣ, ನಾದಿನಿ ಕಳುಹಿಸಿದ ಹಣ, ಡಬ್ಬಿ ಮಾರಿದ ಹಣ ಎಲ್ಲವೂ ಒಂದೇ ಖಾತೆಗೆ ಬಂದು ಬಿದ್ದರೆ ನಾಳೆ ಬಿಡಿಸಿ ತೋರಿಸುವುದು ಕಷ್ಟ. ಮಾರಾಟಕ್ಕೆ ಪ್ರತ್ಯೇಕ ಖಾತೆ ತೆರೆದುಬಿಡಿ.

ವಿಜಯನಗರದಿಂದ

ದಯವಿಟ್ಟು ಸ್ಟಾಕ್ ಮಾತ್ರ ತೆಗೆದುಕೊಳ್ಳಬೇಡಿ. ನಮ್ಮ ಓರಗಿತ್ತಿ ಇಂಥದ್ದೇ ಮಾತು ಕೇಳಿ ಪುಡಿಯ ಡಬ್ಬಗಳನ್ನು ರಟ್ಟಿನ ಪೆಟ್ಟಿಗೆಗಟ್ಟಲೆ ತರಿಸಿ ಅಟ್ಟದ ಮೇಲೆ ಇಟ್ಟಿದ್ದಳು. ತಳದಲ್ಲಿ ಅಚ್ಚಾದ ದಿನಾಂಕ ಹತ್ತಿರವಾದಂತೆ ಯಾರೂ ಕೊಳ್ಳಲಿಲ್ಲ, ಕಂಪನಿಯೂ ವಾಪಸು ತೆಗೆದುಕೊಳ್ಳಲಿಲ್ಲ. ಕೊನೆಗೆ ಬಂದ ನೆಂಟರಿಗೆಲ್ಲ ಅರಿಶಿನ ಕುಂಕುಮದ ಜೊತೆ ಒಂದೊಂದು ಡಬ್ಬ. ಅಪ್‌ಲೈನಿಗೆ ಮಾತ್ರ ಕಮಿಷನ್ ಲೆಕ್ಕಕ್ಕೆ ಬೇಕಾದ ಆ ತಿಂಗಳ ಪಾಯಿಂಟು ಬಂತು. ಮಾರಿ ಮುಗಿಸಲು ಸಾಧ್ಯವಾಗುವುದಕ್ಕಿಂತ ಹೆಚ್ಚು ಕೊಳ್ಳುವಂತೆ ಒತ್ತಾಯಿಸಬಾರದು ಎಂದು 2016ರ ಕೇಂದ್ರದ ಮಾರ್ಗಸೂಚಿಯಲ್ಲೇ ಇತ್ತು.

ಯಶವಂತಪುರದಿಂದ

ಎಲ್ಲರೂ ನಿಯಮವನ್ನು ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ನೇರ ಮಾರಾಟದ ಮೇಲೆ ನಿಗಾ ಇಡುವ ವ್ಯವಸ್ಥೆಯನ್ನು ಪ್ರತಿ ರಾಜ್ಯವೂ ಮಾಡಬೇಕೆಂದು 2021ರ ನಿಯಮ ಹೇಳುತ್ತದೆ. ಆ ಹೆಸರಿನಲ್ಲಿ ನಾಳೆ ಪ್ರತಿಯೊಬ್ಬ ಮಾರಾಟಗಾರರಿಗೂ ನೋಂದಣಿ, ಶುಲ್ಕ, ವರ್ಷವರ್ಷವೂ ನವೀಕರಣ ಎಂದು ಬಂದರೆ, ಕಂಪನಿಗೆ ವಕೀಲರಿದ್ದಾರೆ, ನಮಗೆ ಸೈಬರ್ ಸೆಂಟರೇ ಗತಿ. ಡೌನ್‌ಲೈನ್ (ತಮ್ಮ ಕೆಳಗೆ ಸೇರಿಸಿಕೊಂಡ ಮಾರಾಟಗಾರರ ಸಾಲು) ಕಟ್ಟಿ ಬದುಕುವವರಿಗೂ ತಿಂಗಳಿಗೆ ನಾಲ್ಕು ಡಬ್ಬ ಮಾರುವವರಿಗೂ ಒಂದೇ ಅರ್ಜಿ ಕೊಡುವುದು ನ್ಯಾಯವಲ್ಲ.

ಜಯನಗರದಿಂದ ಮತ್ತೆ

ಯಶವಂತಪುರದವರ ಆತಂಕ ಸರಿಯಾದದ್ದೇ. ಆದರೆ ಈಗಿನ ನಿಯಮದ ಭಾರ ಹೆಚ್ಚಾಗಿ ಕಂಪನಿಯ ಮೇಲಿದೆ. ದೂರು ಬಂದ 48 ಕೆಲಸದ ಗಂಟೆಗಳೊಳಗೆ ಸ್ವೀಕೃತಿ ಕೊಡಬೇಕು, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಬಗೆಹರಿಸಬೇಕು, ನಮ್ಮಂಥವರು ಮಾರಿದ್ದರಿಂದ ಹುಟ್ಟಿದ ದೂರಿಗೂ ಕಂಪನಿಯೇ ಹೊಣೆ. ಪಿರಮಿಡ್ ಯೋಜನೆಗೂ ಹಣ ಚಲಾವಣೆಯ ಯೋಜನೆಗೂ ನಿಷೇಧವಿದೆ. ಹೊಸಬರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಕಡೆ ಇರುವವರು ಹೆದರಬೇಕು, ಡಬ್ಬ ಮಾರಿ ಲಾಭ ಪಡೆಯುವವರಲ್ಲ.

ವೈಟ್‌ಫೀಲ್ಡಿನಿಂದ

ವಿರೋಧಪತ್ರದ ಬಗ್ಗೆ ಯಾರೂ ಹೇಳಲಿಲ್ಲ. ಅಮೆರಿಕದಲ್ಲಿ ಗ್ರಾಹಕರ ರಕ್ಷಣೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2006ರಲ್ಲಿ ಒಂದು ಕರಡು ನಿಯಮ ಹೊರಡಿಸಿತ್ತು: ಸೇರುವವರಿಗೆ ಮೊದಲೇ ವಿವರಗಳ ಪತ್ರ ಕೊಡಬೇಕು, ಅನಂತರ ಏಳು ದಿನ ಕಾದ ಮೇಲೆಯೇ ಹಣ ಪಡೆಯಬೇಕು ಎಂದು. ಅದಕ್ಕೆ 17,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು, ಬಹುಪಾಲು ನೇರ ಮಾರಾಟದವರಿಂದ, ಒಂದೇ ಅಚ್ಚಿನ ಪತ್ರಗಳು. 2008ರ ಪರಿಷ್ಕೃತ ಕರಡಿನಲ್ಲಿ ಆ ವಲಯವನ್ನು ಹೆಚ್ಚುಕಡಿಮೆ ಹೊರಗಿಟ್ಟರು. 2011ರಲ್ಲಿ ಅಂತಿಮ ನಿಯಮ ಬಂತು. ಪತ್ರಕ್ಕೆ ಬಲವಿದೆ, ನಿಜ. ಆದರೆ ಆ ಕಾಯುವಿಕೆ ಸೇರುವವಳ ರಕ್ಷಣೆಗಾಗಿ ಇತ್ತು ಎಂಬುದನ್ನು ಸಹಿ ಹಾಕುವ ಮುನ್ನ ಯೋಚಿಸಿ. ಅಪ್‌ಲೈನಿಗೆ ಬೇಕಾದದ್ದೂ ನಿಮಗೆ ಬೇಕಾದದ್ದೂ ಒಂದೇ ಎಂದೇನಿಲ್ಲ.

ಬಸವೇಶ್ವರನಗರದಿಂದ

ಎಲ್ಲರಿಗೂ ಧನ್ಯವಾದಗಳು. ಒಪ್ಪಂದದ ಪ್ರತಿಯನ್ನೂ ಗುರುತಿನ ಚೀಟಿಯನ್ನೂ ಕೇಳಿ ಕಂಪನಿಗೆ ಇಮೇಲ್ ಕಳುಹಿಸಿದ್ದೇನೆ. ಇಷ್ಟು ದಿನ ನನ್ನ ಬಳಿ ಇದ್ದದ್ದು ಅಪ್‌ಲೈನ್ ಮೇಡಂ ಕೊಟ್ಟ ಜೆರಾಕ್ಸ್ ಮಾತ್ರ. ಅಚ್ಚಿನ ಪತ್ರಕ್ಕೆ ಸಹಿ ಹಾಕುವುದಿಲ್ಲ. ರಾಜ್ಯದಿಂದ ಕರಡು ಪ್ರಕಟವಾದರೆ, ಸಣ್ಣ ಪ್ರಮಾಣದಲ್ಲಿ ಮಾರುವವರಿಗೆ ಶುಲ್ಕವಿಲ್ಲದ ಸರಳ ನೋಂದಣಿ ಇರಲಿ, ಮಾರಾಟವಾಗದ ಸರಕನ್ನು ಕಂಪನಿ ಮರಳಿ ಪಡೆಯುವುದು ಕಡ್ಡಾಯವಾಗಲಿ ಎಂದು ಇಲಾಖೆಗೆ ನಾನೇ ಕನ್ನಡದಲ್ಲಿ ಬರೆಯುತ್ತೇನೆ. ಇನ್ನೊಂದು ವಿಷಯ: ಪೌಷ್ಟಿಕ ಪುಡಿ ಆಹಾರ ಪದಾರ್ಥವಾದ್ದರಿಂದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯನ್ನು ಮನೆ ವಿಳಾಸಕ್ಕೆ, ಅದೂ ಬಾಡಿಗೆ ಮನೆಯ ವಿಳಾಸಕ್ಕೆ, ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ಮಾಲೀಕರಿಂದ ಯಾವ ಕಾಗದ ಪಡೆದಿರಿ?